ಬರೀ ಸಂಬಳ ಜಾಸ್ತಿ ಕೊಟ್ರೆ ಟೆಕ್ಕಿಗಳು ಬರ್ತಾರಾ?

ಪ್ರಶ್ನೆ: ಎಷ್ಟೋ ದೇಶಗಳು ಸಾಫ್ಟ್‌ವೇರ್ ಜನ ಬೇಕು ಬೇಕು ಅಂತಾವೆ, ಆದ್ರೆ ಕೆಲವು ಕಡೆಗೆ ಮುಗಿಬೀಳ್ತಾರೆ, ಕೆಲವು ಕಡೆ ಕರೆದ್ರೂ ಹೋಗಲ್ಲ. ಸಂಬಳ ಬಿಟ್ಟು ಬೇರೇನಿರತ್ತೆ?

ಉತ್ತರ 1: ಮೊದಲು ವೀಸಾ ನೋಡಿ ಗುರು. ಅಮೆರಿಕದಲ್ಲಿ ದುಡ್ಡಿಗೆ ಕಮ್ಮಿ ಇಲ್ಲ, ಆದ್ರೆ ಕಂಪನಿಗಳಿಗೆ ಹೆಚ್-1ಬಿ (ಅಲ್ಲಿ ಕೆಲಸ ಮಾಡೋಕೆ ಬೇಕಾದ ವೀಸಾ) ವರ್ಷಕ್ಕೆ 85,000 ಅಷ್ಟೇ, ಅದೂ ಲಾಟರಿ, ಸಿಕ್ಕಿದ್ಮೇಲೂ ಗ್ರೀನ್ ಕಾರ್ಡಿಗೆ (ಖಾಯಂ ಆಗಿ ಇರೋ ಅನುಮತಿಗೆ) ಒಂದೊಂದು ದೇಶಕ್ಕೆ 7% ಮಿತಿ ಇರೋದ್ರಿಂದ ಭಾರತದಲ್ಲಿ ಹುಟ್ಟಿದೋರು ವರ್ಷಗಟ್ಟಲೆ ಕ್ಯೂನಲ್ಲೇ ಇರ್ತಾರೆ, ಈ ಮಧ್ಯೆ ಕೆಲಸ ಹೋದ್ರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಹುಡುಕ್ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿಂದ ಬರೋ ಹೊಸಬರ ಅರ್ಜಿಗೆ 1 ಲಕ್ಷ ಡಾಲರ್ ಫೀ ಬೇರೆ ಹಾಕಿದ್ರು. ಆದ್ರೂ ಜನ ಹೋಗ್ತಾರೆ ನೋಡಿ, ದೊಡ್ಡ ಕಂಪನಿಗಳೆಲ್ಲ ಅಲ್ಲೇ ಇದಾವಲ್ಲ!

ಉತ್ತರ 2: ವೀಸಾ ಸಲೀಸು ಮಾಡಿದ್ರೆ ಸಾಕು ಅನ್ನೋದನ್ನ ನಾನು ಒಪ್ಪಲ್ಲ. ಜಪಾನ್ 2017ರಿಂದ ಓದು, ಅನುಭವ, ಸಂಬಳ ಇಂಥವಕ್ಕೆ ಕೊಡೋ ಅಂಕದಲ್ಲಿ 80 ಪಾಯಿಂಟ್ ಇದ್ದೋರಿಗೆ ಒಂದೇ ವರ್ಷಕ್ಕೆ ಪರ್ಮನೆಂಟ್ ರೆಸಿಡೆನ್ಸಿಗೆ ದಾರಿ ಬಿಟ್ಟಿದೆ, ಆದ್ರೆ ಆಫೀಸಲ್ಲಿ, ಬ್ಯಾಂಕಲ್ಲಿ, ಮನೆ ಬಾಡಿಗೆಗೆ ಹೋದಾಗ ಎಲ್ಲಾ ಜಪಾನಿ ಭಾಷೆನೇ. ಜರ್ಮನಿ ಡಿಗ್ರಿ ಇಲ್ಲದ ಐಟಿ ಅನುಭವಿಗಳಿಗೂ ಬ್ಲೂ ಕಾರ್ಡ್ (ಪರಿಣತರಿಗೆ ಕೊಡೋ ಕೆಲಸದ ಪರ್ಮಿಟ್) ಕೊಡತ್ತೆ, 2024ರಿಂದ ಹಳೇ ಪೌರತ್ವ ಬಿಡಿ ಅಂತಾನೂ ಕೇಳಲ್ಲ (ಭಾರತ ಎರಡು ಪೌರತ್ವ ಒಪ್ಪಲ್ಲ, ಅದು ಬೇರೆ ಕಥೆ), ಆದ್ರೆ ಆಫೀಸುಗಳ ಕಾಗದಪತ್ರ ಇದ್ಯಲ್ಲ, ಅಬ್ಬಾ.

ಉತ್ತರ 3: ಯಾರೂ ಗಂಡ/ಹೆಂಡತಿ ವಿಷಯನೇ ಎತ್ತಿಲ್ವಲ್ಲ. ಜೊತೆಗೆ ಬಂದೋರಿಗೆ ಕೆಲಸ ಮಾಡೋಕೆ ಪರ್ಮಿಟ್ ಇಲ್ಲ ಅಂದ್ರೆ ಎರಡನೇ ಸಂಬಳ ಹೋಯ್ತು, ಅವ್ರ ಕರಿಯರ್ರೂ ಹೋಯ್ತು. ಆಫರ್ ಕೈಲಿದ್ರೂ ಬೇಡ ಅನ್ನೋರು ಇದಾರೆ.

ಉತ್ತರ 1 ಬರೆದವರು ಮತ್ತೆ: ಹೌದು ಅದು ನಿಜ, ಮಕ್ಕಳ ಸ್ಕೂಲೂ ಸೇರಿಸ್ಕೊಳ್ಳಿ.