ಚೀಟಿ ದುಡ್ಡು, ಅಡ ಇಟ್ಟ ಸರ, ಸ್ವೆಟರ್ ಬಿಚ್ಚದ ಗೆಳತಿ: ಹಾಸನದ ಬಾಣಂತಿಯರ ಬಳಗದಿಂದ ವಕೀಲರಿಗೆ ಒಂದು ಪ್ರಶ್ನೆ

ಪ್ರಶ್ನೆ (ಹೆಸರು ಹಾಕಬೇಡಿ ಎಂದು ಅಡ್ಮಿನ್‌ಗೆ ಕಳಿಸಿದ್ದು, ಹಾಸನ)

ಮೇಡಂ, ನಮಸ್ತೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾವು ಐದು ಜನ ಗೆಳತಿಯರು. ಪರಿಚಯ ಆಗಿದ್ದೇ ಗುರುವಾರದ ಲಸಿಕೆ ಸಾಲಿನಲ್ಲಿ. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ತಾಯಿ ಕಾರ್ಡ್ ಹಿಡಿದುಕೊಂಡು ಪಕ್ಕಪಕ್ಕ ಕೂತಿದ್ದೆವು. ಆಮೇಲೆ ರಾತ್ರಿ ಎರಡು ಗಂಟೆಗೆ ಹಾಲು ಕುಡಿಸುವಾಗಲೂ ವಾಟ್ಸಾಪ್‌ನಲ್ಲಿ ಮಾತು. ಒಬ್ಬಳು ಬೇಲೂರಿನವಳು, ಒಬ್ಬಳು ಅರಸೀಕೆರೆ ಕಡೆಯವಳು, ನಾವಿಬ್ಬರು ಹಾಸನದವರೇ. ಐದನೆಯವಳ ತವರು ಹಾಸನ, ಕೊಟ್ಟಿರುವುದು ಆಲೂರಿಗೆ. ಮೂರೂವರೆ ತಿಂಗಳ ಲಸಿಕೆ ಆದ ವಾರವೇ ಅವಳನ್ನು ಗಂಡನ ಮನೆಗೆ ಕರೆದುಕೊಂಡು ಹೋದರು.

ಚೀಟಿ ನಡೆಸುತ್ತಿದ್ದವಳು ಇವಳೇ. ತಿಂಗಳಿಗೆ 2,000, ಒಟ್ಟು 12 ಜನ. ನಾವೈದು ಜನ, ಮಿಕ್ಕವರು ನಮ್ಮ ಅಕ್ಕ, ಅತ್ತಿಗೆ, ಪಕ್ಕದ ಮನೆಯವರು. ಕೂಗುವುದೇನೂ ಇಲ್ಲ, ಹೆಸರು ಬರೆದು ಎತ್ತುವುದು. ಎರಡು ತಿಂಗಳು ಸರಿಯಾಗಿ ಕೊಟ್ಟಳು. ಮೂರನೆಯದು ಬೇಲೂರಿನವಳಿಗೆ ಬಿದ್ದಿತ್ತು. ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅನ್ನುವಷ್ಟರಲ್ಲಿ ನಾಲ್ಕನೇ ಕಂತನ್ನೂ ಕಟ್ಟಿದ್ದೆವು. ಅದೂ ಹೋಯಿತು. ಒಟ್ಟು 48,000. ಇದರ ಜೊತೆಗೆ ನಾದಿನಿ ಮದುವೆಗೆ ಹಾಕಿಕೊಂಡು ಕೊಡ್ತೀನಿ ಅಂತ ನನ್ನ ಎರಡೆಳೆ ಸರ ಇಸ್ಕೊಂಡಿದ್ದಳು.

ಫೋನ್ ಎತ್ತದೇ ಇದ್ದಾಗ ನಾವು ಮೂವರು ಆಲೂರಿಗೆ ಹೋದೆವು. ಅತ್ತೆ ನಮ್ಮನ್ನು ಜಗುಲಿ ಮೇಲೇ ಕೂರಿಸಿದರು. ಮಗುವನ್ನು ನನ್ನ ಕೈಗೆ ಕೊಡುವಾಗ ಅವಳ ಸ್ವೆಟರಿನ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಕೆಳಗೆ ಹಸಿರು, ನೀಲಿ, ಒಂದು ಕಡೆ ಹಳದಿಗೆ ತಿರುಗಿದ ಗುರುತು. ನಾವೆಲ್ಲ ಸ್ವೆಟರ್ ಬಿಚ್ಚಿಟ್ಟು ಎಷ್ಟೋ ದಿನವಾಗಿತ್ತು. ಇವಳು ಚೀಟಿ ದಿನ ಮಹಾರಾಜ ಪಾರ್ಕ್‌ಗೆ ಬರುವಾಗ, ಆ ಬಿಸಿಲಲ್ಲೂ ತುಂಬು ತೋಳಿನ ಸ್ವೆಟರ್, ತಲೆಗೆ ಸ್ಕಾರ್ಫ್. ಅತ್ತೆ ಕಟ್ಟುನಿಟ್ಟು, ಬಾಣಂತನ ಇನ್ನೂ ಮುಗಿಸಿಲ್ಲ ಅಂತಲೇ ಎಲ್ಲರ ಲೆಕ್ಕ.

ಬಸ್ ಹತ್ತಿಸಲು ಬಂದವಳು ಒಂದೇ ಉಸಿರಿಗೆ ಹೇಳಿದಳು: "ದುಡ್ಡು ಅವ್ರು ಕಿತ್ಕೊಂಡ್ರು ಕಣೇ. ಬೆಟ್ಟಿಂಗ್ ಸಾಲ. ನಿನ್ನ ಸರಾನೂ ಫೈನಾನ್ಸ್‌ನಲ್ಲಿ ಅಡ ಇಟ್ಟವ್ರೆ. ಯಾರ್ಗೂ ಹೇಳ್ಬೇಡ್ರೇ." ಅವತ್ತು ರಾತ್ರಿ ಒಂದು ಮೆಸೇಜ್ ಹಾಕಿದಳು: "ನಾನಿಲ್ಲ ಅಂದ್ರೆ ಇವಳನ್ನ ನೀವು ನೋಡ್ಕೋತೀರಲ್ವಾ." ನಾನು ಓದಿದ ಕೂಡಲೇ ಡಿಲೀಟ್ ಮಾಡಿದಳು.

ಅರಸೀಕೆರೆಯವಳು ಸ್ಟೇಷನ್‌ಗೆ ಹೋಗೋಣ ಅನ್ನುತ್ತಿದ್ದಾಳೆ. ಬೇಲೂರಿನವಳು ಇವಳ ಫೋಟೋ ಹಾಕಿ "ಮೋಸಗಾತಿ" ಅಂತ ಸ್ಟೇಟಸ್ ಇಡಲು ಹೊರಟಿದ್ದಾಳೆ. ಕಂಪ್ಲೇಂಟ್ ಕೊಟ್ಟರೆ ಇವಳನ್ನು ಒಳಗೆ ಹಾಕುತ್ತಾರಾ? ಆರು ತಿಂಗಳ ಮಗು ಏನಾಗಬೇಕು? ಅವಳ ಗಂಡನ ಮೇಲೆ ನಾವೇ ದೂರು ಕೊಡಬಹುದಾ?

ವಕೀಲರ ಉತ್ತರ

ದುಡ್ಡಿನ ಮಾತು ಆಮೇಲೆ. ಆ ಡಿಲೀಟ್ ಆದ ಮೆಸೇಜ್ ಮೊದಲು. ಇದನ್ನು ಓದಿದ ತಕ್ಷಣ ಅವಳಿಗೆ ಫೋನ್ ಮಾಡಿ, ಆಗದಿದ್ದರೆ ಅವಳ ತವರಿನವರನ್ನು ಕರೆದುಕೊಂಡು ಹೋಗಿ. ಮನೆಯವರು ಒಳಗೆ ಬಿಡದಿದ್ದರೆ, ಹೊಡೆತ ನಡೆಯುತ್ತಿದ್ದರೆ 112. ಮಹಿಳಾ ಸಹಾಯವಾಣಿ 181. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್, 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಗುಂಪಿನ ಡಾಕ್ಟರ್ ಕೆಳಗೆ ಬರೆಯುತ್ತಾರೆ, ಅವರು ಹೇಳಿದ್ದನ್ನು ನಾನು ಹೇಳಿದ್ದಕ್ಕಿಂತ ಮುಂಚೆ ಮಾಡಿ.

ಈಗ ನಿಮ್ಮ ಕೊನೇ ಪ್ರಶ್ನೆ. ಗೆಳತಿಯರು ದೂರು ಕೊಡಬಹುದಾ? ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005, ಸೆಕ್ಷನ್ 4 ನೋಡಿ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣ ಇರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಅಕ್ಕತಂಗಿಯೇ ಆಗಬೇಕು ಅಂತಿಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕುವ ಹಾಗೂ ಇಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿ. ಆಲೂರಿನ ಕಚೇರಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟರೂ ಸಾಕು. ಮೈಮೇಲಿನ ಗುರುತು ನೀವೇ ಕಂಡಿದ್ದೀರಿ, ಕಂಡಿದ್ದನ್ನಷ್ಟೇ ಬರೆಯಿರಿ.

ಪೊಲೀಸ್ ಕೇಸ್ ಮಾತ್ರ ಬೇರೆ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಮೊದಲು 498ಎ ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85. ಅದರಲ್ಲಿ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ಮುಂದುವರಿಯಬೇಕಾದರೆ ಮಾಹಿತಿ ಅವಳಿಂದಲೋ ಅವಳ ಸಂಬಂಧಿಕರಿಂದಲೋ ಬರಬೇಕು. ಗೆಳತಿ ಎಷ್ಟೇ ಹತ್ತಿರದವಳಾದರೂ ಸಂಬಂಧಿಕಳಲ್ಲ. ಆದ್ದರಿಂದ ಅವಳ ಅಪ್ಪ, ಅಮ್ಮ, ಅಣ್ಣ ಯಾರಾದರೂ ಜೊತೆಗಿರಲಿ.

ಸ್ಟೇಟಸ್ ವಿಷಯ ಇವತ್ತೇ ನಿಲ್ಲಿಸಿ. ಮಾನನಷ್ಟದ ಕೇಸ್ ತಿರುಗಿ ನಿಮ್ಮ ಮೇಲೇ ಬರುತ್ತದೆ, ಅದು ಇರಲಿ. ಅಂಥ ಮೆಸೇಜ್ ಕಳಿಸಿದ ಹೆಂಗಸಿನ ಫೋಟೋ ಊರೆಲ್ಲ ತಿರುಗಿದರೆ ಏನಾಗಬಹುದು ಅಂತ ಬೇಲೂರಿನ ನಿಮ್ಮ ಗೆಳತಿಗೆ ಸಮಾಧಾನವಾಗಿ ಹೇಳಿ.

ಡಾಕ್ಟರ್ ಉತ್ತರ (ಮನೋವೈದ್ಯರು)

ಹೆರಿಗೆಯಾದ ಮೊದಲ ಹತ್ತು ಹದಿನೈದು ದಿನ ಅಳು, ಸಿಡುಕು, ಭಯ ತುಂಬಾ ಜನಕ್ಕೆ ಬರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಮಗು ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು. ಮನೆಯಲ್ಲಿ ಹೊಡೆತ ಇದ್ದರೆ ಇನ್ನೂ ಜಾಸ್ತಿ. ಯಾರೋ ಮಾತಾಡಿದ ಹಾಗೆ ಕೇಳಿಸುವುದು, ಮಗುವಿಗೆ ಏನೋ ಮೆಟ್ಟಿಕೊಂಡಿದೆ ಅನ್ನುವುದು, ದಿನಗಟ್ಟಲೆ ನಿದ್ದೆ ಇಲ್ಲದೆ ಓಡಾಡುವುದು, ಇವು ಕಂಡರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆ.

"ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಬಹಳ ಜನ ಕೇಳಿಸಿಕೊಳ್ಳುವವರು ಸಿಕ್ಕರಲ್ಲ ಅಂತ ಹಗುರಾಗುತ್ತಾರೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ.

ಅತ್ತೆಯ ಎದುರಿಗೆ ಕೇಳಬೇಡಿ. ಮಗುವಿಗೆ ಆರು ತಿಂಗಳಾಗಿದೆ, ಮೇಲಿನ ಆಹಾರ ಶುರು ಮಾಡುವ ಹೊತ್ತು. "ತೂಕ ನೋಡಿಸಬೇಕು, ಏನು ತಿನ್ನಿಸಬೇಕು ಅಂತ ಕೇಳಬೇಕು" ಅಂದರೆ ಯಾವ ಅತ್ತೆಯೂ ಬೇಡ ಅನ್ನುವುದಿಲ್ಲ. ಹಾಗೆ ಹೊರಗೆ ಕರೆತನ್ನಿ. ಹಾಲು ಕುಡಿಸುತ್ತಿದ್ದಾಳೆ, ಮಾತ್ರೆ ಕೊಟ್ಟರೆ ಹೇಗೆ ಅಂತ ಮನೆಯವರು ಹೆದರಿಸುತ್ತಾರೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ವೈದ್ಯರು ನೋಡಿ ಕೊಡುತ್ತಾರೆ.

ಇನ್ನೊಂದು ಮಾತು. ಕೈಮೇಲಿನ ಗುರುತು ಹೇಗಾಯಿತು ಅಂತ ಆಸ್ಪತ್ರೆಯಲ್ಲಿ ನಿಜ ಹೇಳಲಿ. ಬಚ್ಚಲಲ್ಲಿ ಜಾರಿದೆ ಅಂದರೆ ಆಸ್ಪತ್ರೆಯ ಚೀಟಿಯಲ್ಲೂ ಅದೇ ಬರೆಯುತ್ತಾರೆ.

ಒಬ್ಬ ಸದಸ್ಯರ ಕಾಮೆಂಟ್

ಎಲ್ಲರೂ ಅವಳ ಕಡೆಯೇ ಮಾತಾಡುತ್ತಿದ್ದೀರಿ. ಬೇಲೂರಿನವರದ್ದೂ ಕಷ್ಟದ ದುಡ್ಡೇ ಅಲ್ವಾ? ಗಂಡ ಹೊಡೆಯುತ್ತಾನೆ ಅಂದ ಮಾತ್ರಕ್ಕೆ ಚೀಟಿ ದುಡ್ಡು ಮಾಫಿನಾ? ಅದೂ ರಿಜಿಸ್ಟರ್ ಆಗದ ಚೀಟಿ. ಕಟ್ಟಿದವರ ಮೇಲೇ ಕೇಸ್ ಬಂದರೆ?

ವಕೀಲರು

ಮಾಫಿ ಅಂತ ನಾನೆಲ್ಲೂ ಹೇಳಿಲ್ಲ. 48,000ವನ್ನು ಬಿಡಬೇಕಾಗಿಲ್ಲ, ಸರವನ್ನಂತೂ ಬಿಡಲೇಬಾರದು. ಆದರೆ ಯಾರ ಮೇಲೆ ಅನ್ನುವುದು ಮುಖ್ಯ.

ನಂಬಿ ಕೊಟ್ಟ ದುಡ್ಡನ್ನು ಮೋಸದ ಮನಸ್ಸಿನಿಂದ ತಿಂದುಹಾಕಿದರೆ ನಂಬಿಕೆ ದ್ರೋಹ, ನ್ಯಾಯ ಸಂಹಿತೆಯ ಸೆಕ್ಷನ್ 316, ಐದು ವರ್ಷದ ತನಕ ಶಿಕ್ಷೆ. ಆ ಮೋಸದ ಮನಸ್ಸು ಅವಳಿಗಿತ್ತಾ? ಹೊಡೆದು, ಹೆದರಿಸಿ ಗಂಡ ಕಿತ್ತುಕೊಂಡಿದ್ದರೆ ಅದು ಅವನು ಮಾಡಿದ ಸುಲಿಗೆ. ಅವಳಿಗೆ ಗೊತ್ತಿಲ್ಲದೆ ಬೀರುವಿನಿಂದ ತೆಗೆದಿದ್ದರೆ ಕಳ್ಳತನ. ಅವಳೇ ಮನಸಾರೆ ಕೊಟ್ಟು, ನಿಮಗೆ ಸುಳ್ಳು ಹೇಳಿ ನಾಲ್ಕನೇ ಕಂತು ವಸೂಲಿ ಮಾಡಿದ್ದರೆ ಅವಳೂ ಉತ್ತರ ಕೊಡಬೇಕಾಗುತ್ತದೆ. ಹೊಡೆತ ತಿಂದವಳು ಅನ್ನುವ ಒಂದೇ ಕಾರಣಕ್ಕೆ ಕಾನೂನು ಎಲ್ಲವನ್ನೂ ಬಿಡುವುದಿಲ್ಲ. ಕೊಂದೇಬಿಡುತ್ತೇನೆ ಅನ್ನುವ ಆ ಕ್ಷಣದ ಬೆದರಿಕೆಯನ್ನು ಮಾತ್ರ ವಿನಾಯಿತಿಗೆ ಕಾರಣವಾಗಿ ಒಪ್ಪುತ್ತದೆ. ಆದ್ದರಿಂದ ದೂರಿನಲ್ಲಿ ಅವಳನ್ನು ಕಳ್ಳಿ ಅಂತ ನೀವೇ ತೀರ್ಮಾನಿಸಿ ಬರೆಯಬೇಡಿ. ಯಾವ ದಿನ ಎಷ್ಟು ಕೊಟ್ಟಿರಿ, ಫೋನ್‌ಪೇಯಲ್ಲೋ ಕೈಯಲ್ಲೋ, ಬಸ್ ಹತ್ತಿರ ಅವಳು ಏನಂದಳು, ಅಷ್ಟು ಬರೆಯಿರಿ.

ಒಳಗೆ ಹಾಕುತ್ತಾರಾ ಅಂದಿರಿ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಸಾಮಾನ್ಯವಾಗಿ ಮೊದಲು ನೋಟಿಸ್ ಕೊಟ್ಟು ಕರೆಯುತ್ತಾರೆ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವುದಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಸಾಕ್ಷಿಯಾಗಿ ಕೇಳುವುದಾದರೆ ಅವಳಿರುವ ಮನೆಗೇ ಬರಬೇಕು, ಸ್ಟೇಷನ್‌ಗೆ ಬಾ ಅನ್ನುವಂತಿಲ್ಲ.

ರಿಜಿಸ್ಟರ್ ಇಲ್ಲದ ಚೀಟಿ 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ತಪ್ಪು. ಕಂತು ಕಟ್ಟಿದವರ ಬೆನ್ನು ಹತ್ತಿದ ಕೇಸ್ ನಾನು ಕಂಡಿಲ್ಲ, ಹಿಡಿಯುವುದು ನಡೆಸುವವರನ್ನು. ಅದಕ್ಕೆ ಹೆದರಿ ದೂರಿನಲ್ಲಿ ಚೀಟಿ ಅನ್ನುವ ಬದಲು ಕೈಸಾಲ ಅಂತ ಬರೆಸುವವರಿದ್ದಾರೆ. ಬೇಡ. ವಾಟ್ಸಾಪ್‌ನಲ್ಲಿ ನೂರು ಸಲ ಚೀಟಿ ಅಂತಲೇ ಇರುತ್ತದೆ, ಮೊದಲ ಪಾಟೀಸವಾಲಿನಲ್ಲೇ ನಿಮ್ಮ ಮಾತು ಬಿದ್ದುಹೋಗುತ್ತದೆ.

ಪ್ರಶ್ನೆ ಕೇಳಿದವರು

ಮೇಡಂ, ಅವಳ ಅಣ್ಣ ಹೋಗಿ ತವರಿಗೆ ಕರೆದುಕೊಂಡು ಬಂದರು. ಡಾಕ್ಟರ್ ಹೇಳಿದ ಹಾಗೆ ನೇರವಾಗಿ ಕೇಳಿದೆ. ತುಂಬಾ ಹೊತ್ತು ಅತ್ತಳು. ಆಸ್ಪತ್ರೆಗೆ ತೋರಿಸಿದ್ದೇವೆ, ಮಾತ್ರೆ ಶುರುವಾಗಿದೆ. ಆದರೆ "ಕೇಸ್ ಮಾತ್ರ ಬೇಡ, ಮಗಳಿಗೆ ಅಪ್ಪ ಬೇಕು" ಅನ್ನುತ್ತಾಳೆ. ಅವಳ ಬಳೆಗಳೂ ಅಡದಲ್ಲಿವೆಯಂತೆ. ಗಂಡನ ಕಡೆ ಹಿರಿಯರು ಒಂದು ದಾರಿ ಹೇಳುತ್ತಿದ್ದಾರೆ. ಚೀಟಿ ದುಡ್ಡು ನಾನೇ ಖರ್ಚು ಮಾಡಿದ್ದು, ತಿಂಗಳು ತಿಂಗಳು ತೀರಿಸುತ್ತೇನೆ ಅಂತ ಅವಳು ಛಾಪಾ ಕಾಗದದಲ್ಲಿ ಬರೆದುಕೊಡಲಿ, ಆಗ ಮಗ ಅವಳನ್ನು ವಾಪಸ್ ಕರೆದುಕೊಂಡು ಹೋಗುತ್ತಾನೆ ಅಂತ. ನಮ್ಮ ಬೇಲೂರಿನವಳಿಗೂ ಇದು ಸರಿ ಅನ್ನಿಸಿದೆ. ದುಡ್ಡು ಬಂದರೆ ಸಾಕು ಅನ್ನುತ್ತಾಳೆ.

ವಕೀಲರು

ಆ ಕಾಗದಕ್ಕೆ ಅವಳು ಸಹಿ ಹಾಕಬಾರದು. ನೀವು ಸಾಕ್ಷಿ ಸಹಿಯನ್ನೂ ಹಾಕಬೇಡಿ. ಅದನ್ನು ಬರೆದುಕೊಟ್ಟ ಕ್ಷಣ ಮಾಡಿದವನು ಆಚೆ, ಹೊಡೆತ ತಿಂದವಳು ಆರೋಪಿ. ನಾಳೆ ಅವಳು ಕೋರ್ಟಿಗೆ ಬಂದರೆ ಎದುರು ವಕೀಲರು ಮೊದಲು ತೋರಿಸುವುದೇ ಆ ಕಾಗದವನ್ನು. ದುಡಿಮೆ ಇಲ್ಲದ, ಆರು ತಿಂಗಳ ಮಗು ಇರುವ ಹೆಂಗಸು ತಿಂಗಳು ತಿಂಗಳು ಎಲ್ಲಿಂದ ತೀರಿಸುತ್ತಾಳೆ? ಬೇಲೂರಿನವರು ಇದನ್ನೂ ಯೋಚಿಸಲಿ. ಬರೆದುಕೊಡುವುದಿದ್ದರೆ ಗಂಡ ಬರೆದುಕೊಡಲಿ, ನಾನು ತೆಗೆದುಕೊಂಡೆ, ನಾನು ತೀರಿಸುತ್ತೇನೆ ಅಂತ.

ಕೇಸ್ ಬೇಡ ಅನ್ನುವವರಿಗೂ ದಾರಿ ಇದೆ. ಕೌಟುಂಬಿಕ ಹಿಂಸೆ ಕಾಯ್ದೆಯ ಸೆಕ್ಷನ್ 12ರ ಅರ್ಜಿ ಗಂಡನನ್ನು ಜೈಲಿಗೆ ಕಳಿಸುವ ಅರ್ಜಿಯಲ್ಲ. ಹೊಡೆಯಬೇಡ, ಮನೆಯಿಂದ ಹೊರಗೆ ಹಾಕಬೇಡ, ತಿಂಗಳ ಖರ್ಚು ಕೊಡು ಅಂತ ಕೋರ್ಟಿನಿಂದ ಹೇಳಿಸುವ ಅರ್ಜಿ. ಹೊಡೆಯಬೇಡ ಅನ್ನುವಂಥ ರಕ್ಷಣಾ ಆದೇಶ ಮುರಿದರೆ ಮಾತ್ರ ಶಿಕ್ಷೆ, ಒಂದು ವರ್ಷದ ತನಕ ಜೈಲು ಅಥವಾ 20,000 ದಂಡ, ಎರಡೂ ಆಗಬಹುದು. ತುರ್ತು ಇದ್ದರೆ ಮಧ್ಯಂತರ ಆದೇಶ ಸಿಗುತ್ತದೆ. ಆಲೂರಿಗೆ ಅಲೆಯಬೇಕಾಗಿಲ್ಲ. ಈಗ ತವರಿನಲ್ಲಿದ್ದಾಳಲ್ಲ, ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಹಾಕಬಹುದು, ಅಂದರೆ ಹಾಸನದಲ್ಲೇ. ವಕೀಲರ ಫೀಸೂ ಇಲ್ಲ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಅವಳ ಬಳೆ ಅವಳ ಸ್ತ್ರೀಧನ, ಅಂದರೆ ಅವಳದೇ ಸ್ವತ್ತು. ಕಷ್ಟಕ್ಕೆ ಗಂಡ ಬಳಸಿಕೊಂಡರೂ ವಾಪಸ್ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲೂ ಹೇಳಿದೆ. ಬಳೆಗಳನ್ನು ಸೆಕ್ಷನ್ 12ರ ಅರ್ಜಿಯಲ್ಲೇ ಸೇರಿಸಿ ಕೇಳಬಹುದು.

ನಿಮ್ಮ ಸರದ ವಿಷಯದಲ್ಲಿ ತಡ ಮಾಡಬೇಡಿ. ಹರಾಜಿನ ನೋಟಿಸ್ ಹೋಗುವುದು ಅಡ ಇಟ್ಟವನಿಗೆ, ನಿಮಗಲ್ಲ. ಯಾವ ಬ್ರಾಂಚ್ ಅಂತ ತಿಳಿದುಕೊಂಡು, ಇದು ನನ್ನ ಒಡವೆ, ನನ್ನ ಒಪ್ಪಿಗೆ ಇಲ್ಲದೆ ಇಟ್ಟಿದ್ದಾರೆ, ಹರಾಜು ಹಾಕಬೇಡಿ ಅಂತ ಇವತ್ತೇ ಬರೆದುಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸರಕ್ಕೆ ಸಂಬಂಧಿಸಿದ ಪೊಲೀಸ್ ದೂರನ್ನು ಅವಳ ಗಂಡನ ವಿರುದ್ಧವೇ ಕೊಡಿ. ಸ್ಟೇಷನ್‌ನಲ್ಲಿ 14 ದಿನ ವಿಚಾರಣೆ ಮಾಡಿ ನೋಡುತ್ತೇವೆ ಅನ್ನಬಹುದು, ಹೊಸ ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ದೂರು ತೆಗೆದುಕೊಳ್ಳುವುದೇ ಇಲ್ಲ ಅಂದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಒಡವೆ ವಶಕ್ಕೆ ಬಂದ ಮೇಲೆ ಕೇಸ್ ಮುಗಿಯುವ ತನಕ ಕಾಯಬೇಕಾಗಿಲ್ಲ, ಕೋರ್ಟಿಗೆ ಬಾಂಡ್ ಕೊಟ್ಟು ಬಿಡಿಸಿಕೊಳ್ಳಬಹುದು. ಮನೆಯಲ್ಲಿ ನಿಮ್ಮವರಿಗೆ ಸರದ ವಿಷಯ ಹೇಳಿಲ್ಲ ಅಂತಿದ್ದರೆ ಈಗ ಹೇಳಿಬಿಡಿ. ದೂರಿನ ವಿಚಾರಣೆಗೆ ಪೊಲೀಸರು ಮನೆಗೆ ಬಂದಾಗ ಗೊತ್ತಾಗುವುದು ಇನ್ನೂ ಕಷ್ಟ.

ಪ್ರಶ್ನೆ ಕೇಳಿದವರು

ಸರದ ಬಿಲ್ ಇಲ್ಲ ಮೇಡಂ. ಅಮ್ಮ ಮಾಡಿಸಿದ್ದು. ಮತ್ತೆ ವಾಟ್ಸಾಪ್ ಗ್ರೂಪ್ ಡಿಲೀಟ್ ಮಾಡಿಬಿಡೋಣ ಅಂತ ಇಬ್ಬರು ಹೇಳುತ್ತಿದ್ದಾರೆ.

ವಕೀಲರು

ಗ್ರೂಪ್ ಡಿಲೀಟ್ ಮಾಡಬೇಡಿ, ಫೋನ್ ಬದಲಾಯಿಸಬೇಡಿ. ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ಸಾಲದು, ಈ ಚಾಟ್ ಇದೇ ಫೋನಿನದು ಅಂತ ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಆಗ ಅದೇ ಫೋನ್ ಬೇಕು. ಬಿಲ್ ಇಲ್ಲದಿದ್ದರೆ ಸರ ಹಾಕಿಕೊಂಡಿರುವ ಮದುವೆ ಫೋಟೋ ತನ್ನಿ, ಸೀಮಂತದ್ದಾದರೂ ಆಗುತ್ತದೆ. ಕೊಕ್ಕೆ, ಪದಕ ಸ್ಪಷ್ಟವಾಗಿ ಕಾಣಬೇಕು. ಮಾಡಿಕೊಟ್ಟ ಆಚಾರ್ಯರು ಇನ್ನೂ ಅಂಗಡಿ ಇಟ್ಟಿದ್ದರೆ ಅವರ ಹತ್ತಿರ ತೂಕ ಬರೆದಿಟ್ಟ ಪುಸ್ತಕ ಇದೆಯಾ ಅಂತ ಕೇಳಿ.