ಅಪ್‌ಡೇಟ್: ಥೈರಾಯ್ಡ್ ಹತೋಟಿಗೆ ಬಂತು, ಕೋಸು ಬಿಟ್ಟಿದ್ದಕ್ಕಲ್ಲ!

ಎರಡು ತಿಂಗಳ ಹಿಂದೆ ಕೇಳಿದ್ದೆನಲ್ಲ, ಹಶಿಮೊಟೊ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಕಾಯಿಲೆ) ಇದೆ, ಥೈರಾಯ್ಡ್ ಮಾತ್ರೆ ತಪ್ಪಿಸುತ್ತಿಲ್ಲ, ಆದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನ್) 9ರಿಂದ ಕೆಳಗೆ ಬರುತ್ತಿಲ್ಲ, ಊಟದಲ್ಲಿ ಏನು ಬಿಡಬೇಕು ಅಂತ. ಈಗ 3.1 ಆಗಿದೆ.

ಕೆಲಸ ಮಾಡಿದ್ದು "ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಕಾಫಿ ಕುಡೀತೀರಿ?" ಅಂತ ಒಬ್ಬರು ಕೇಳಿದ ಪ್ರಶ್ನೆ. ನಾನು ಐದೇ ನಿಮಿಷಕ್ಕೆ ಫಿಲ್ಟರ್ ಕಾಫಿ ಹಿಡಿದು ಕೂರುತ್ತಿದ್ದೆ, ತಿಂಡಿ ಆದ ಕೂಡಲೇ ಕ್ಯಾಲ್ಸಿಯಂ ಮಾತ್ರೆ ಬೇರೆ. ಎರಡೂ ಥೈರಾಯ್ಡ್ ಔಷಧಿ ಮೈಗೆ ಹತ್ತದಂತೆ ಮಾಡುತ್ತವೆ. ಈಗ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಮಾತ್ರೆ, ಒಂದು ಗಂಟೆ ಬಿಟ್ಟು ಕಾಫಿ (ಆ ಒಂದು ಗಂಟೆ ತಳ್ಳುವುದೇ ಕಷ್ಟ ಮಾರಾಯ್ರೇ), ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಡೋಸ್ ಅದೇ 75 ಮೈಕ್ರೋಗ್ರಾಂ, ಒಂದಿಷ್ಟೂ ಏರಿಸಿಲ್ಲ.

ಥೈರಾಯ್ಡ್‌ಗೆ ಕೆಟ್ಟದ್ದು ಅಂತ ಕೋಸು, ಹೂಕೋಸು ಬಿಟ್ಟಿದ್ದು ಸುಮ್ನೆ ದಂಡ. ಬೇಯಿಸಿ ಹದವಾಗಿ ತಿಂದರೆ ಏನೂ ಆಗಲ್ಲ ಅಂದರು ಡಾಕ್ಟರ್. ಗೋಧಿ ಬಿಟ್ಟರೆ ಒಳ್ಳೆಯದೇನೋ ಅಂತ ಒಂದು ತಿಂಗಳು ಚಪಾತಿ ಬಿಟ್ಟು ನೋಡಿದೆ, ನನಗಂತೂ ವ್ಯತ್ಯಾಸ ಕಾಣಲಿಲ್ಲ. ಅಯೋಡಿನ್ ಕ್ಯಾಪ್ಸೂಲ್ ತಗೊಳ್ಳುವ ಸಲಹೆಗೆ ಮಾತ್ರ ಡಾಕ್ಟರ್ ಖಡಾಖಂಡಿತ ಬೇಡ ಅಂದರು, ಜಾಸ್ತಿಯಾದರೆ ಹಶಿಮೊಟೊ ಇನ್ನೂ ಕೆರಳಬಹುದು.

ಗೊತ್ತೇ ಇರದಿದ್ದ ಇನ್ನೊಂದು: ಕೂದಲಿಗೆ ಅಂತ ನುಂಗುವ ಬಯೋಟಿನ್ (ಒಂದು ವಿಟಮಿನ್) ಮಾತ್ರೆ ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಹುದು. ಅದಕ್ಕೇ ಈ ಸಲ ಮೂರು ದಿನ ಮೊದಲೇ ನಿಲ್ಲಿಸಿ ರಕ್ತ ಕೊಟ್ಟೆ.