ಕೇಪ್ 2500 ಇದ್ರೂ ಹನಿ ಇಲ್ಲ, 900ಕ್ಕೆ ಹಳ್ಳ ಉಕ್ಕುತ್ತೆ: ಎಲ್ಲಿ ತಪ್ತಿದೆ?

ಹಳ್ಳದಂಡೆ:
ಬೇಸಿಗೆ ಮಧ್ಯಾಹ್ನದ ಗುಡುಗು ಮಳೆ ಯಾವ ಲೆಕ್ಕಕ್ಕೂ ಸಿಗ್ತಿಲ್ಲ. ಕೇಪ್ (ಗಾಳಿ ಮೇಲೇರೋಕೆ ಸಿಗೋ ಶಕ್ತಿ, ಕೆಜಿಗೆ ಜೂಲ್) 2500 ತೋರಿಸಿದ ದಿನ ಬರೀ ಬಿಸಿಲು. 900 ಇದೆ, ಪರವಾಗಿಲ್ಲ ಅಂದ್ಕೊಂಡ್ರೆ ಬೆಟ್ಟದ ಹಳ್ಳ ಮುಕ್ಕಾಲು ಗಂಟೇಲಿ ದಂಡೆ ಮೀರುತ್ತೆ. ಆಗ ಮಳೆಮಾಪಕದಲ್ಲಿ 6 ಮಿಮೀ, ರೇಡಾರ್‌ನಲ್ಲಿ 45 ಡಿಬಿಝಡ್ (ಮಳೆಯಿಂದ ಮರಳೋ ಪ್ರತಿಧ್ವನಿಯ ಬಲ). ಲಿಫ್ಟೆಡ್ ಇಂಡೆಕ್ಸ್, ಕೆ ಇಂಡೆಕ್ಸ್ ಎಲ್ಲಾ ನೋಡಿದ್ದಾಯ್ತು. ಯಾವ ಸೂಚ್ಯಂಕಕ್ಕೆ ಎಷ್ಟು ಮಿತಿ ಇಡಬೇಕು? ಕೇಪ್ ಅಂದ್ರೇನು ಅನ್ನೋ ಪಾಠ ಬೇಡ, ದಯವಿಟ್ಟು.

ತೇವಬಿಂದು:
2500 ಯಾವ ಕೇಪು? ನೆಲಮಟ್ಟದ ಗಾಳಿಯದ್ದೋ, ಕೆಳಗಿನ 100 ಹೆಕ್ಟೋಪಾಸ್ಕಲ್ ಪದರ ಕಲೆಸಿ ತೆಗೆದಿದ್ದೋ? ಎರಡಕ್ಕೂ ಭಾರೀ ಅಂತರ ಇರುತ್ತೆ. ಸಿನ್, ಅಂದ್ರೆ ಗಾಳಿ ಏರದ ಹಾಗೆ ತಡೆಯೋ ಮುಚ್ಚಳದ ಬಲ, ಎಷ್ಟಿತ್ತು ಅಂತಲೂ ಬರೆದಿಲ್ಲ. ಆದ್ರೂ ನನ್ನ ಅನುಮಾನ ನಿಮ್ಮ ಉಷ್ಣತೆ ಸೆನ್ಸರ್ ಮೇಲೆ. ಫ್ಯಾನ್ ಇಲ್ಲದ ನೆರಳುಗೂಡು ಗಾಳಿ ನಿಂತ ಬಿಸಿಲಲ್ಲಿ ಒಂದೆರಡು ಡಿಗ್ರಿ ಜಾಸ್ತಿ ತೋರಿಸುತ್ತೆ. ಅದನ್ನ ಬೆಳಗಿನ ಸೌಂಡಿಂಗ್‌ಗೆ (ಬಲೂನ್ ಹಾರಿಸಿ ತೆಗೆದ ಅಳತೆಗೆ) ತುಂಬಿದ್ರೆ ಕೇಪ್ ಉಬ್ಬಿ ಸಿನ್ ಮಾಯ.

ಹಳ್ಳದಂಡೆ:
ಸೆನ್ಸರ್ ಸರಿಯಾಗಿದೆ. ಕೇಪ್ ನಾನು ಲೆಕ್ಕ ಹಾಕಿದ್ದಲ್ಲ, ಆ್ಯಪ್‌ನಲ್ಲಿ ಬರೋ ಜಾಗತಿಕ ಹವಾಮಾನ ಮಾಡೆಲ್‌ದು.

ದಿಬ್ಬದಾಚೆ:
ಅದನ್ನ ಮೊದಲೇ ಹೇಳ್ಬಾರ್ದಾ! 9, 13 ಕಿಮೀ ಗ್ರಿಡ್‌ನಲ್ಲಿ ನಿಮ್ಮ ಬೆಟ್ಟ ಇರೋದೇ ಇಲ್ಲ. ಕಣಿವೆ ತುಂಬಿಸಿ, ಶಿಖರ ಸವರಿ ಹಾಕಿರ್ತಾರೆ. ನಿಮ್ಮ ಬಿಂದುವಿಗೆ ಮಾಡೆಲ್ ಇಟ್ಟಿರೋ ನೆಲದ ಎತ್ತರ ತೆಗೆದು, ನಿಜವಾದ ಎತ್ತರದ ಜೊತೆ ಹೋಲಿಸಿ. ಕೆಲವು ನೂರು ಮೀಟರ್ ವ್ಯತ್ಯಾಸ ಇದ್ರೆ ಆ ಕೇಪ್ ನಿಮ್ಮ ಗಾಳಿಯದ್ದೇ ಅಲ್ಲ. ಇಂಥ ಒರಟು ಮಾಡೆಲ್‌ಗಳು ಮಧ್ಯಾಹ್ನದ ಮಳೆಯನ್ನ ಬೇಗ ಶುರುಮಾಡಿ ತೆಳ್ಳಗೆ ಎಲ್ಲಾ ಕಡೆ ಹರಡ್ತವೆ. 3 ಕಿಮೀ ಅಥವಾ ಅದಕ್ಕಿಂತ ಸಣ್ಣ ಗ್ರಿಡ್ ಸಿಕ್ರೆ ಅದನ್ನ ನೋಡಿ. ಅಲ್ಲೂ ಯಾವ ಕಣಿವೆ ಅನ್ನೋದನ್ನ ನಂಬ್ಬೇಡಿ, ಯಾವ ಸಾಲು ಅನ್ನೋವರೆಗೆ ಮಾತ್ರ.

ತೇವಬಿಂದು:
ಮಾಡೆಲ್ ಯಾವುದೇ ಇರ್ಲಿ, ಡ್ಯೂ ಪಾಯಿಂಟ್ (ನೀರಾವಿ ಹನಿಗಟ್ಟೋ ಉಷ್ಣತೆ) ತಪ್ಪಿದ್ರೆ ಎಲ್ಲಾ ತಪ್ಪು. ಫ್ಯಾನ್ ಇದೆಯಾ ಇಲ್ವಾ?

ಎಕೋಟಾಪ್:
ಫ್ಯಾನ್ ಬಿಡಿ ಸರ್. ಉಷ್ಣತೆ, ಆರ್ದ್ರತೆ ಎರಡೂ ಒಂದೇ ಚಿಪ್‌ನಲ್ಲಿದ್ರೆ ಅದು ಬಿಸಿಯಾದಾಗ ಒಂದು ಏರುತ್ತೆ, ಇನ್ನೊಂದು ಇಳಿಯುತ್ತೆ, ಡ್ಯೂ ಪಾಯಿಂಟ್ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ. ಕೆಡೋದು ಮೋಡದ ತಳದ ಲೆಕ್ಕ: ಉಷ್ಣತೆಗೂ ಡ್ಯೂ ಪಾಯಿಂಟ್‌ಗೂ ಇರೋ ವ್ಯತ್ಯಾಸದ ಪ್ರತಿ ಡಿಗ್ರಿಗೆ 125 ಮೀಟರ್.

ಹಳ್ಳದಂಡೆ ಅವರೇ, 45 ಡಿಬಿಝಡ್ ಅಂದ್ರಲ್ಲ, ರೇಡಾರ್ ಎಷ್ಟು ದೂರ? 0.5 ಡಿಗ್ರಿ ಕಿರಣ 100 ಕಿಮೀ ದೂರದಲ್ಲಿ ಸುಮಾರು 1.5 ಕಿಮೀ ಮೇಲಿರುತ್ತೆ. ಮಧ್ಯೆ ಬೆಟ್ಟ ಅಡ್ಡ ಬಂದ್ರೆ ಮೇಲಿನ ಕೋನವೇ ಗತಿ, ಕೆಳಗಿನ ಭಾರೀ ಮಳೆ ಕಾಣಲ್ಲ. ಇನ್ನೊಂದು: ಝಡ್ = 300 ಆರ್ ಘಾತ 1.4 ಸೂತ್ರದಲ್ಲಿ (ಝಡ್ ಪ್ರತಿಧ್ವನಿ, ಆರ್ ಗಂಟೆಯ ಮಳೆ) 45 ಡಿಬಿಝಡ್ ಅಂದ್ರೆ ಗಂಟೆಗೆ 28 ಮಿಮೀ. ಉಷ್ಣವಲಯದ ತೇವದ ಗಾಳಿಗೆ ಬಳಸೋ 250 ಆರ್ ಘಾತ 1.2ರಲ್ಲಿ ಅದೇ 45ಕ್ಕೆ 56 ಮಿಮೀ. ಬಣ್ಣ ಒಂದೇ, ನೀರು ಎರಡರಷ್ಟು.

ತೇವಬಿಂದು:
ಕಡಿಮೆ ಕೇಪ್ ದಿನ ಉಷ್ಣವಲಯದ ಸೂತ್ರ ಹಾಕೋದು ಯಾವ ನ್ಯಾಯ?

ಎಕೋಟಾಪ್:
ಆ ಸೂತ್ರ ನಿಂತಿರೋದು ಹನಿಯ ಗಾತ್ರದ ಮೇಲೆ, ಕೇಪ್ ಮೇಲಲ್ಲ. ಸಣ್ಣ ಹನಿ ಲೆಕ್ಕವಿಲ್ಲದಷ್ಟು ಇದ್ರೆ ಡಿಬಿಝಡ್ ಏರಲ್ಲ, ಮಳೆ ಏರುತ್ತೆ.

ಹಳ್ಳದಂಡೆ:
ರೇಡಾರ್ 110 ಕಿಮೀ. ಮಳೆಮಾಪಕ ಕೆಳಗೆ ಕಣಿವೆಯಲ್ಲಿದೆ. ಹಳ್ಳ ಹುಟ್ಟೋದು ದಿಬ್ಬದ ಹಿಂದೆ, ಜಲಾನಯನ ಸುಮಾರು 12 ಚದರ ಕಿಮೀ, ಪೂರ್ತಿ ಬಂಡೆ. ಇದು ಮುಖ್ಯನಾ?

ದಿಬ್ಬದಾಚೆ:
ಅದೇ ಮುಖ್ಯ ಗುರುವೇ! ಲೆಕ್ಕ ನೋಡಿ. 12 ಚದರ ಕಿಮೀ ಮೇಲೆ ಗಂಟೆಗೆ 60 ಮಿಮೀ ಬಿದ್ದು, ಅರ್ಧ ಮಾತ್ರ ಹರಿದ್ರೂ 3,60,000 ಘನ ಮೀಟರ್. ಅಷ್ಟೂ ಒಂದು ಗಂಟೇಲಿ ಇಳಿದ್ರೆ ಸೆಕೆಂಡಿಗೆ 100 ಘನ ಮೀಟರ್. ಬಂಡೆ ಅಂದ್ಮೇಲೆ ಅರ್ಧಕ್ಕಿಂತ ಜಾಸ್ತಿನೇ ಹರಿಯುತ್ತೆ. ನಿಮ್ಮ 6 ಮಿಮೀ ಬರೀ ಅಂಚಿನ ಸಿಂಚನ.

ಕೇಪ್ ಮೋಡ ಎಷ್ಟು ಜೋರಾಗಿ ಏರುತ್ತೆ ಅಂತ ಹೇಳುತ್ತೆ, ಒಂದೇ ಕಡೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಹೇಳಲ್ಲ. 2500ರ ದಿನ ಸಿನ್ 150 ಇದ್ರೆ ಮುಚ್ಚಳ ಬಿಗಿ, ಏನೂ ಏಳಲ್ಲ. 900ರ ದಿನ ಸಿನ್ ಇಲ್ದಿದ್ರೆ ಕಾದ ಇಳಿಜಾರಿನ ಮೇಲ್ಗಾಳಿಯೇ ಸಾಕು, ಮಧ್ಯಾಹ್ನಕ್ಕೇ ದಿಬ್ಬದ ಮೇಲೆ ಕಟ್ಟುತ್ತೆ. ಆಮೇಲೆ ನೋಡ್ಬೇಕಾದ್ದು ಮೊದಲು 850ರಿಂದ 300 ಹೆಕ್ಟೋಪಾಸ್ಕಲ್‌ವರೆಗಿನ (ಸುಮಾರು 1.5ರಿಂದ 9 ಕಿಮೀ ಎತ್ತರದ) ಸರಾಸರಿ ಗಾಳಿ. ಸೆಕೆಂಡಿಗೆ 5 ಮೀಟರ್‌ಗಿಂತ ಕಮ್ಮಿ ಇದ್ರೆ ಮೋಡ ಹುಟ್ಟಿದಲ್ಲೇ ಸುರಿಯುತ್ತೆ. ಗಾಳಿ ಜೋರಿದೆ ಅಂತ ನಿಶ್ಚಿಂತೆ ಬೇಡ. ಆ ಸರಾಸರಿ ಗಾಳಿಯಿಂದ ಕೆಳಮಟ್ಟದ ಜೋರುಗಾಳಿಯ ವೆಕ್ಟರ್ (ವೇಗ, ದಿಕ್ಕು ಎರಡೂ ಸೇರಿ) ಕಳೆದಾಗ ಸೊನ್ನೆಗೆ ಹತ್ತಿರ ಬಂದ್ರೆ ಹಿಂದೆ ಹಿಂದೆ ಹೊಸ ಮಳೆಮೋಡದ ಕೋಶ ಹುಟ್ಟಿ, ರೈಲು ಡಬ್ಬಿಗಳ ಹಾಗೆ ಒಂದೇ ಕಣಿವೆ ಮೇಲೆ ಸಾಗ್ತವೆ. ಕಾರ್ಫಿಡಿ ವೆಕ್ಟರ್ ಅಂತ ಹುಡುಕಿ. ಮೋಡದ ತಳದಿಂದ ಸೊನ್ನೆ ಡಿಗ್ರಿ ಮಟ್ಟಕ್ಕೆ 3 ಕಿಮೀಗಿಂತ ಜಾಸ್ತಿ ಇದ್ಯಾ ಅಂತಲೂ ನೋಡಿ, ಇದ್ರೆ ಹನಿಗೆ ಹನಿ ಕೂಡಿಕೊಂಡು ಮಳೆ ದಂಡಿಯಾಗಿ ಬರುತ್ತೆ. ಒಟ್ಟು ನೀರಾವಿಗೆ, ಅಂದ್ರೆ ಪಿಡಬ್ಲ್ಯೂಗೆ, ಎಲ್ಲಾ ಕಡೆ ನಡೆಯೋ ಒಂದೇ ಅಂಕಿ ಇಲ್ಲ. ಆ ತಿಂಗಳ ಮಾಮೂಲಿಗಿಂತ ಎಷ್ಟು ಮೇಲಿದೆ ಅನ್ನೋದನ್ನ ಹಿಡಿಯಿರಿ.

ಸಿಡಿಲುಬೇಟೆ:
ನಮ್ಮಲ್ಲಿ ಉಪಗ್ರಹದ ಚಿತ್ರ ನೇರ ಡಿಶ್‌ಗೇ ಬರುತ್ತೆ, ಎಸ್‌ಡಿಆರ್ (ಕಂಪ್ಯೂಟರ್‌ನಲ್ಲಿ ಓಡೋ ರೇಡಿಯೋ) ಸೆಟಪ್, ಎರಡು ಮಾನಿಟರ್. ಮೋಡದ ತುದಿ ನೋಡಿದ್ರೆ ಯಾವ ಕಣಿವೆ ಅಂತ ಗೊತ್ತಾಗುತ್ತೆ. ಇಷ್ಟೆಲ್ಲಾ ಲೆಕ್ಕ ಯಾಕೆ?

ಎಕೋಟಾಪ್:
ಗೊತ್ತಾಗಲ್ಲ. ಉಪಗ್ರಹ 45 ಡಿಗ್ರಿ ಓರೆಯಿಂದ ನೋಡಿದ್ರೆ 12 ಕಿಮೀ ಎತ್ತರದ ತುದಿ ನಕ್ಷೆಯಲ್ಲಿ 12 ಕಿಮೀ ಜರುಗಿ ಬೀಳುತ್ತೆ. ಈ ಜರುಗನ್ನ, ಅಂದ್ರೆ ಪ್ಯಾರಲಾಕ್ಸ್, ತಿದ್ದದೆ 12 ಚದರ ಕಿಮೀ ಜಲಾನಯನ ಗುರುತಿಸಿದ್ರೆ ಪಕ್ಕದ ಕಣಿವೆಗೆ ಎಚ್ಚರಿಕೆ ಕೊಟ್ಟ ಹಾಗೆ.

ಹಳ್ಳದಂಡೆ:
ಸರಿ, ದಿಬ್ಬದ ಮೇಲೊಂದು ಟಿಪ್ಪಿಂಗ್ ಬಕೆಟ್ (ಪುಟ್ಟ ಬಕೆಟ್ ತುಂಬಿ ಮಗುಚಿದ ಸಲ ಎಣಿಸೋ ಮಳೆಮಾಪಕ) ಇಟ್ರೆ?

ದಿಬ್ಬದಾಚೆ:
ಇಡಿ. 0.2 ಮಿಮೀ ಬಕೆಟ್ ಆದ್ರೆ 10 ನಿಮಿಷಕ್ಕೆ 50 ಸಲ ಮಗುಚಿದ್ರೆ 10 ಮಿಮೀ, ಅಲ್ಲಿಗೇ ಎಚ್ಚರಿಕೆ ಹೊಡೀಲಿ. ಜೋರು ಮಳೇಲಿ ಬಕೆಟ್ ಮಗುಚೋ ಹೊತ್ತಲ್ಲಿ ನೀರು ಸೋರಿ ಲೆಕ್ಕ ಕಮ್ಮಿ ಬರುತ್ತೆ, ಅದನ್ನ ತಿದ್ದಬೇಕು. ಆಲಿಕೆಯಲ್ಲಿ ಎಲೆ, ಜೇಡರ ಬಲೆ ಕಟ್ಟದ ಹಾಗೆ ಜಾಲರಿ ಹಾಕಿ. ಹಳ್ಳದ ಮೇಲ್ಭಾಗದಲ್ಲಿ ಅಲ್ಟ್ರಾಸೋನಿಕ್ ಮಟ್ಟಮಾಪಕವೂ ಇರ್ಲಿ. ಮಟ್ಟ ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಬೇಗ ಏರ್ತಿದೆ ಅನ್ನೋದಕ್ಕೆ ಅಲಾರಂ ಕಟ್ಟಿ.

ಸಿಡಿಲುಬೇಟೆ:
ಅದಕ್ಕಿಂತ ಎಎಸ್3935 ಸಿಡಿಲು ಸೆನ್ಸರ್ ಸಸ್ತಾ. 40 ಕಿಮೀ ದೂರದಿಂದಲೇ ಹಿಡಿಯುತ್ತೆ. ನಂದು ಮಾತ್ರ ರಾತ್ರಿ ಎಲ್ಲಾ ಸುಳ್ಳು ಸಿಡಿಲು ತೋರಿಸ್ತಿದೆ, ಯಾರಿಗಾದ್ರೂ ಗೊತ್ತಾ?

ಎಕೋಟಾಪ್:
ಪಕ್ಕದಲ್ಲಿ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್) ಅಡಾಪ್ಟರ್ ಇದೆಯಾ? ಬ್ಯಾಟರಿ ಮೇಲೆ ಓಡಿಸಿ ನೋಡಿ. ಆಂಟೆನಾ 500 ಕಿಲೋಹರ್ಟ್ಸ್‌ಗೆ, ಶೇ 3.5ರ ಒಳಗೆ ಟ್ಯೂನ್ ಆಗಿರ್ಬೇಕು. ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಸಿಡಿಲುಬೇಟೆ:
ಬ್ಯಾಟರಿ ಹಾಕಿದ್ರೂ ಅದೇ ಕಥೆ. ಟ್ಯೂನಿಂಗ್ ಕೆಪಾಸಿಟರ್ ಎಷ್ಟಕ್ಕೆ ಇಟ್ಟಿದ್ದೀರಿ?